ಮಗಳಿಗೊಂದು ಪತ್ರ: ಭಾನುವಾರ ತುಂಬಬೇಕಾದ ವಾರದ ಕ್ಲೇಮ್

ಪ್ರೀತಿಯ ಪುಟ್ಟಿಗೆ,

ನಿನ್ನೆ, ಅಕ್ಟೋಬರ್ 9ರ ಗುರುವಾರ, ಕೆಲಸ ಹೋಯಿತು ಅಂದೆ. ಬೇಸರ ಆಗಿಯೇ ಆಗುತ್ತದೆ, ಅದಕ್ಕೆ ಎಷ್ಟು ದಿನ ಬೇಕೋ ತೆಗೆದುಕೋ. ಅರ್ಜಿಗೆ ಮಾತ್ರ ದಿನ ಕೊಡಬೇಡ. ನಾಳೆ ಶನಿವಾರ ರಾತ್ರಿಯೊಳಗೆ ನಿರುದ್ಯೋಗ ಭತ್ಯೆಯ ಅರ್ಜಿ ಹಾಕಿಬಿಡು.

ಈ ಅವಸರಕ್ಕೆ ಕಾರಣ ಇದೆ. ನೀನಿರುವ ವಾಷಿಂಗ್ಟನ್ ರಾಜ್ಯದ ಲೆಕ್ಕದಲ್ಲಿ ವಾರ ಅಂದರೆ ಭಾನುವಾರದಿಂದ ಶನಿವಾರ. ಯಾವ ವಾರ ಅರ್ಜಿ ಹಾಕುತ್ತೀಯೋ ಆ ವಾರದ ಭಾನುವಾರದಿಂದ ಕ್ಲೇಮ್ ಶುರುವಾಗುತ್ತದೆ. ತಡವಾಗಿ ಹಾಕಿ ಹಿಂದಿನ ವಾರಗಳದ್ದನ್ನೂ ಕೊಡಿ ಎಂದು ಕೇಳಬೇಕಾದರೆ ಬಲವಾದ ಕಾರಣ ತೋರಿಸಬೇಕು. ಮನಸ್ಸು ಸರಿ ಇರಲಿಲ್ಲ ಅಂದರೆ ಸಾಲದು. ಕೆಲಸದಿಂದ ಕಳಿಸುವಾಗ ಕಂಪನಿ ಕೊಡುವ ಸೆವೆರೆನ್ಸ್ ದುಡ್ಡು ಬಂದು ಮುಗಿಯಲಿ, ಆಮೇಲೆ ನೋಡೋಣ ಅಂತ ಕೂರುವವರು ತುಂಬಾ ಜನ. ಹಾಗೆ ಕೂತು ಕಳೆದುಕೊಂಡ ವಾರಗಳು ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ಸೆವೆರೆನ್ಸ್, ಬಾಕಿ ರಜೆಯ ಹಣ, ಏನು ಬಂದರೂ ಅರ್ಜಿಯಲ್ಲಿ ಹೇಳು. ಅದನ್ನು ಭತ್ಯೆಯಿಂದ ಕಳೆಯಬೇಕೋ ಬೇಡವೋ ಅನ್ನುವುದನ್ನು ಭತ್ಯೆ ಕೊಡುವ ರಾಜ್ಯದ ಇಲಾಖೆ, ಎಂಪ್ಲಾಯ್‌ಮೆಂಟ್ ಸೆಕ್ಯುರಿಟಿ ಡಿಪಾರ್ಟ್‌ಮೆಂಟಿನವರು ನೋಡಿಕೊಳ್ಳುತ್ತಾರೆ.

ಅರ್ಜಿಗೆ ಕೂರುವ ಮೊದಲು ಸೋಶಿಯಲ್ ಸೆಕ್ಯುರಿಟಿ ನಂಬರು, ಗ್ರೀನ್ ಕಾರ್ಡು, ಬ್ಯಾಂಕಿನ ರೂಟಿಂಗ್ ಮತ್ತು ಅಕೌಂಟ್ ನಂಬರು, ಕಳೆದ 18 ತಿಂಗಳಲ್ಲಿ ಕೆಲಸ ಮಾಡಿದ ಕಡೆಗಳ ಹೆಸರು, ವಿಳಾಸ, ಸೇರಿದ ಮತ್ತು ಬಿಟ್ಟ ತಾರೀಕು ಎಲ್ಲ ಪಕ್ಕದಲ್ಲಿಟ್ಟುಕೋ. ಅರ್ಜಿ ಹಾಕುವುದು ಆ ಇಲಾಖೆಯ ಇ-ಸರ್ವಿಸಸ್ ಎನ್ನುವ ಪೋರ್ಟಲ್‌ನಲ್ಲಿ. ಕೆಲಸ ಯಾಕೆ ಹೋಯಿತು ಎಂಬ ಪ್ರಶ್ನೆ ಬರುತ್ತದಲ್ಲ, ಅಲ್ಲಿ ಎಚ್ಚರ. ಬೇರ್ಪಡುವ ಒಪ್ಪಂದಕ್ಕೆ ಸಹಿ ಹಾಕಿದೆ ಅಂದಮಾತ್ರಕ್ಕೆ ನೀನು ಕೆಲಸ ಬಿಟ್ಟವಳಾಗುವುದಿಲ್ಲ. ಕಂಪನಿ ಕೆಲಸ ಕಡಿಮೆ ಮಾಡಿ ಕಳಿಸಿದೆ, ಅಂದರೆ ಲೇಆಫ್. ಅದನ್ನೇ ಆರಿಸು. ನಾನಾಗಿ ಬಿಟ್ಟೆ ಅಂತ ಗುರುತು ಹಾಕಿದರೆ ಫೈಲು ವಿಚಾರಣೆಗೆ ಹೋಗಿ ವಾರಗಟ್ಟಲೆ ನಿಲ್ಲುತ್ತದೆ.

ಎಷ್ಟು ಸಿಗುತ್ತದೆ ಅನ್ನುವುದನ್ನು ನೀನೇ ಲೆಕ್ಕ ಹಾಕಿಕೊಳ್ಳಬಹುದು. ಕಳೆದ ಐದು ಪೂರ್ಣ ತ್ರೈಮಾಸಿಕಗಳಲ್ಲಿ ಮೊದಲ ನಾಲ್ಕು ನಿನ್ನ ಬೇಸ್ ಇಯರ್, ಅಂದರೆ ಭತ್ಯೆಯ ಲೆಕ್ಕಕ್ಕೆ ಹಿಡಿಯುವ ವರ್ಷ. ನಿನಗೆ ಅದು 2024ರ ಜುಲೈಯಿಂದ 2025ರ ಜೂನ್‌ವರೆಗೆ. ಅದರಲ್ಲಿ ಕನಿಷ್ಠ 680 ಗಂಟೆ ದುಡಿದಿರಬೇಕು. ನಿನಗೆ ಆ ತೊಂದರೆ ಇಲ್ಲ. ಅತಿ ಹೆಚ್ಚು ಸಂಬಳ ಬಂದ ಎರಡು ತ್ರೈಮಾಸಿಕ ತೆಗೆದುಕೊಂಡು ಸರಾಸರಿ ಮಾಡಿ 0.0385ರಿಂದ ಗುಣಿಸು. ಬೋನಸ್ ಬಂದಾಗಿನದು 24,000 ಡಾಲರ್, ಅದರ ನಂತರದ್ದು 22,000 ಅಂದುಕೋ. ಸರಾಸರಿ 23,000, ಗುಣಿಸಿದರೆ 885.50, ಪುಡಿಗಾಸು ಬಿಟ್ಟು ವಾರಕ್ಕೆ 885. ಮೇಲೊಂದು ಗರಿಷ್ಠ ಮಿತಿಯೂ ಇದೆ, ಅದು ವರ್ಷಕ್ಕೊಮ್ಮೆ ಜುಲೈನಲ್ಲಿ ಬದಲಾಗುತ್ತದೆ. ಒಟ್ಟು ಸಿಗುವುದು ಇದರ 26 ಪಟ್ಟು, ಅಥವಾ ಬೇಸ್ ಇಯರ್ ಸಂಬಳದ ಮೂರನೇ ಒಂದು ಭಾಗ, ಯಾವುದು ಕಡಿಮೆಯೋ ಅದು.

ಅರ್ಜಿ ಒಂದು ಸಲದ ಕೆಲಸ. ನಿಜವಾದ ಕೆಲಸ ಅದರ ಮೇಲೆ ಪ್ರತಿ ವಾರ ತುಂಬುವ ಕ್ಲೇಮ್‌ನದ್ದು. ಜನ ಸೋಲುವುದು ಅಲ್ಲೇ. ಊರಲ್ಲಿ ಕೆಲಸ ಕಳೆದುಕೊಂಡವರಿಗೆ ಇರುವ ಇಎಸ್‌ಐನವರ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಗೊತ್ತಿದ್ದವರಿಗೆ ಈ ವಾರದ ಪದ್ಧತಿ ಹೊಸದು ಅನ್ನಿಸುತ್ತದೆ. ಅಲ್ಲಿ ಹೆಚ್ಚೆಂದರೆ 90 ದಿನದ ಪರಿಹಾರ. ಇಲ್ಲಿ ಒಂದೊಂದು ವಾರವೂ ಬೇರೆ ಬೇರೆ ಅರ್ಜಿ ಇದ್ದ ಹಾಗೆ. ಆ ಏಳು ದಿನ ಏನಾಯಿತು ಎಂದು ನೀನು ಸತ್ಯವಾಗಿ ಹೇಳಿ ಸಹಿ ಹಾಕುವ ಹೇಳಿಕೆ ಅದು. ವಾರ ಶನಿವಾರ ಮುಗಿಯುತ್ತದೆ, ಭಾನುವಾರದಿಂದ ತುಂಬಬಹುದು. ಭಾನುವಾರ ಬೆಳಿಗ್ಗೆ ಕಾಫಿ ಆದಮೇಲೆ ಅಂತ ಗೊತ್ತು ಮಾಡಿಕೋ. ಒಂದು ವಾರ ತಪ್ಪಿದರೂ ಕ್ಲೇಮ್ ಮಲಗಿಬಿಡಬಹುದು, ಆಮೇಲೆ ಅದನ್ನು ಮತ್ತೆ ಎಬ್ಬಿಸುವ ಕೆಲಸ.

ಮೊದಲ ಮೂರು ವಾರ ನಿನಗೆ ಗೊಂದಲ ಆಗುತ್ತದೆ, ಅದಕ್ಕೇ ಬಿಡಿಸಿ ಬರೆಯುತ್ತೇನೆ. ಅಕ್ಟೋಬರ್ 5ರಿಂದ 11ರ ವಾರದಲ್ಲಿ ನೀನು ನಾಲ್ಕು ದಿನ ಕೆಲಸ ಮಾಡಿದ್ದೀಯ. ವಾರಕ್ಕೆ 1,600 ಡಾಲರ್ ಸಂಬಳ ಅಂದರೆ ನಾಲ್ಕು ದಿನಕ್ಕೆ 1,280. ಅದನ್ನು ಹಾಗೇ ತೋರಿಸು. ಸಂಬಳವೇ ಹೆಚ್ಚಾದ್ದರಿಂದ ಆ ವಾರ ಭತ್ಯೆ ಏನೂ ಬರುವುದಿಲ್ಲ. 12ರಿಂದ 18ರ ವಾರ ವೇಟಿಂಗ್ ವೀಕ್. ಅರ್ಹತೆ ಇರುವ ಮೊದಲ ವಾರಕ್ಕೆ ದುಡ್ಡಿಲ್ಲ, ಆದರೂ ಕ್ಲೇಮ್ ತುಂಬಲೇಬೇಕು. ದುಡ್ಡು ಬರುವುದಿಲ್ಲವಲ್ಲ ಅಂತ ಅದನ್ನು ಬಿಟ್ಟರೆ ವೇಟಿಂಗ್ ವೀಕ್ ಮುಗಿದ ಲೆಕ್ಕವೇ ಆಗುವುದಿಲ್ಲ. 19ರಿಂದ 25ರ ವಾರಕ್ಕೆ ಮೊದಲ ಹಣ.

ನಡುವೆ ಸಣ್ಣ ಕೆಲಸ ಸಿಕ್ಕರೆ ಬಿಡಬೇಡ, ಮಾಡು. ಟ್ಯೂಷನ್ ಸೆಂಟರಿನಲ್ಲಿ ಗಂಟೆಗೆ 20.50ರಂತೆ ವಾರಕ್ಕೆ 10 ಗಂಟೆ ಪಾಠ ಹೇಳಿದೆ ಅನ್ನು: 205 ಡಾಲರ್. ಅವರ ಲೆಕ್ಕದಲ್ಲಿ ಅದರಿಂದ 5 ಕಳೆದು 200, ಅದರ ಶೇ. 75 ಅಂದರೆ 150ನ್ನು ಭತ್ಯೆಯಿಂದ ಹಿಡಿಯುತ್ತಾರೆ. 885ರಲ್ಲಿ 150 ಹೋಗಿ 735 ಬರುತ್ತದೆ, ಪಾಠದ ದುಡ್ಡೂ ಸೇರಿದರೆ ಕೈಯಲ್ಲಿ 940. ದುಡಿದರೆ ನಷ್ಟ ಅನ್ನುವ ಮಾತು ಸುಳ್ಳು.

ಈಗ ಹೇಳುವುದನ್ನು ಎರಡು ಸಲ ಓದು. ತೋರಿಸಬೇಕಾದದ್ದು ಆ ವಾರ ದುಡಿದದ್ದು, ಆ ವಾರ ಬ್ಯಾಂಕಿಗೆ ಬಂದದ್ದಲ್ಲ. ಅದೂ ತೆರಿಗೆ ಹಿಡಿಯುವ ಮೊದಲಿನ ಗ್ರಾಸ್ ಮೊತ್ತ. ಪಾಠ ಹೇಳಿದ್ದು ಅಕ್ಟೋಬರ್ 21ಕ್ಕೆ, ಸಂಬಳ ಬಂದದ್ದು ನವೆಂಬರ್ 7ಕ್ಕೆ ಆದರೆ, 21 ಯಾವ ವಾರದಲ್ಲಿದೆಯೋ ಅಲ್ಲಿಗೇ ಸೇರಿಸಬೇಕು. ಸಂಬಳದ ಚೀಟಿ ಪೇಸ್ಟಬ್‌ಗೆ ಕಾಯದೆ ಗಂಟೆಯನ್ನು ದರದಿಂದ ಗುಣಿಸಿ ಹಾಕು. ತಪ್ಪಿದರೆ ಮಾಲೀಕರು ಸಲ್ಲಿಸಿದ ವೇತನ ವಿವರಕ್ಕೂ ನಿನ್ನ ಹೇಳಿಕೆಗೂ ತಾಳೆಯಾಗುವುದಿಲ್ಲ, ಹೆಚ್ಚು ಕೊಟ್ಟದ್ದನ್ನು ವಾಪಸ್ ಕೊಡು ಅಂತ ನೋಟಿಸ್ ಬರುತ್ತದೆ. ಬೇಕೆಂದೇ ಮುಚ್ಚಿಟ್ಟಿದ್ದು ಅಂತ ತೀರ್ಮಾನವಾದರೆ ಮೊದಲ ಸಲಕ್ಕೇ ಶೇ. 15 ದಂಡ, ಜೊತೆಗೆ 26 ವಾರ ಭತ್ಯೆ ಬಂದ್. ತುಂಬಿದ ಮೇಲೆ ತಪ್ಪು ಕಂಡರೆ ಅವರು ಹುಡುಕುವ ಮೊದಲೇ ನೀನಾಗಿ ತಿಳಿಸು.

ಕೆಲಸ ಹುಡುಕಿದ ಲೆಕ್ಕ ವಾರಕ್ಕೆ ಮೂರು ಇರಬೇಕು. ಅರ್ಜಿ ಹಾಕುವುದು, ಇಂಟರ್‌ವ್ಯೂ, ಕೆಲಸ ಹುಡುಕಲು ನೆರವಾಗುವ ವರ್ಕ್‌ಸೋರ್ಸ್ ಕಚೇರಿಯ ತರಬೇತಿ, ಹೀಗೆ ಅವರು ಒಪ್ಪುವ ಯಾವುದಾದರೂ ಸರಿ. ಒಂದು ಗೆರೆ ಹಾಕಿದ ನೋಟ್‌ಬುಕ್ ಇಟ್ಟುಕೋ. ಸಾಲು ಹೀಗಿರಲಿ: ಮಂಗಳವಾರ, ಅಕ್ಟೋಬರ್ 14, ಕಂಪನಿಯ ಹೆಸರು, ಡೇಟಾ ಅನಲಿಸ್ಟ್ ಹುದ್ದೆ, ಅವರ ವೆಬ್‌ಸೈಟಿನಲ್ಲಿ ಹಾಕಿದೆ, ದೃಢೀಕರಣದ ಮೇಲ್ ಬಂತು. ಮೇಲ್ ಅನ್ನು ಒಂದು ಫೋಲ್ಡರಿಗೆ ಹಾಕು. ಲಿಂಕ್ಡ್‌ಇನ್‌ನಲ್ಲಿ ಇಪ್ಪತ್ತು ಕಡೆ ಒತ್ತಿದೆ ಅಂತ ನೆನಪಿನಿಂದ ಹೇಳಿದರೆ ಪರಿಶೀಲನೆಯಲ್ಲಿ ನಿಲ್ಲುವುದಿಲ್ಲ. ತಾರೀಕು ಮತ್ತು ಹುದ್ದೆ ಇರುವ ಮೂರು ಸಾಲು ನಿಲ್ಲುತ್ತದೆ. ಮೂರನ್ನೂ ಶನಿವಾರಕ್ಕೆ ಉಳಿಸಿಕೊಳ್ಳಬೇಡ, ಜ್ವರ ಬಂದರೆ ಆ ವಾರವೇ ಹೋಯಿತು.

ಜ್ವರ ಅಂದೆನಲ್ಲ, ಕೆಲಸ ಮಾಡಲು ಶಕ್ತಳಾಗಿದ್ದೆಯಾ, ಸಿಕ್ಕರೆ ಸೇರಲು ಸಿದ್ಧಳಿದ್ದೆಯಾ ಎಂಬುದು ವಾರವಾರವೂ ಬರುವ ಪ್ರಶ್ನೆ. ಮೈಸೂರಿಂದ ನಿನ್ನ ಸೋದರತ್ತೆ ಫೋನ್ ಮಾಡಿ, ಕೆಲಸ ಇಲ್ಲವಲ್ಲ, ಎರಡು ತಿಂಗಳು ಬಂದು ಇದ್ದು ಹೋಗು ಅಂದರಂತೆ. ಪ್ರೀತಿಯಿಂದ ಅಂದದ್ದು. ಹೋಗಬೇಡ ಅನ್ನುವುದಿಲ್ಲ, ಆದರೆ ಊರಲ್ಲಿರುವ ವಾರಗಳಿಗೆ ಭತ್ಯೆ ಕೇಳುವ ಹಾಗಿಲ್ಲ. ಅಲ್ಲಿ ಕೂತು ಲ್ಯಾಪ್‌ಟಾಪಿನಲ್ಲಿ ಹೌದು, ಸಿದ್ಧಳಿದ್ದೆ ಅಂತ ಒತ್ತಿದರೆ ಅದು ಸುಳ್ಳು ಹೇಳಿಕೆ. ಹೋಗುವುದಾದರೆ ಕ್ಲೇಮ್ ನಿಲ್ಲಿಸಿ ಹೋಗು, ಬಂದಮೇಲೆ ಮತ್ತೆ ತೆರೆ. ಭತ್ಯೆ ಪಡೆಯಬಹುದಾದ ಅವಧಿ, ಅಂದರೆ ಬೆನಿಫಿಟ್ ಇಯರ್, 52 ವಾರ ಇರುತ್ತದೆ, ಅದರೊಳಗೆ ಉಳಿದ ಹಣ ನಿನ್ನದೇ.

ನಿನ್ನ ರೂಮ್‌ಮೇಟ್ ಎಚ್-1ಬಿ ಕೆಲಸದ ವೀಸಾ ಮೇಲಿದ್ದಾಳೆ ಅಂದೆ. ಅವಳ ದಾರಿ ಬೇರೆ. ಆ ವೀಸಾ ಒಬ್ಬ ಮಾಲೀಕರಿಗೆ ಕಟ್ಟಿದ್ದು, ಕೆಲಸ ಹೋದರೆ ಬೇರೆ ಕಡೆ ತಕ್ಷಣ ಸೇರಲು ಸಿದ್ಧ ಎಂದು ಹೇಳಲಾಗದ್ದರಿಂದ ಸಾಮಾನ್ಯವಾಗಿ ಭತ್ಯೆ ಸಿಗುವುದಿಲ್ಲ. ಅವಳಿಗೆ ಇರುವುದು ಹೆಚ್ಚೆಂದರೆ 60 ದಿನದ ಗ್ರೇಸ್ ಅವಧಿ, ದೇಶದಲ್ಲಿ ಎಲ್ಲಿಯವರೆಗೆ ಇರಬಹುದು ಎಂದು ತೋರಿಸುವ ಐ-94 ಅದಕ್ಕಿಂತ ಮೊದಲೇ ಮುಗಿದರೆ ಅಷ್ಟೂ ಇಲ್ಲ. ಅವಳು ಮೊದಲು ನೋಡಬೇಕಾದದ್ದು ವಲಸೆ ವಕೀಲರನ್ನು. ನಿನಗೆ ಗ್ರೀನ್ ಕಾರ್ಡ್ ಇದೆ. ಭತ್ಯೆ ತೆಗೆದುಕೊಂಡರೆ ಮುಂದೆ ಪೌರತ್ವಕ್ಕೆ ತೊಂದರೆ ಅಂತ ಯಾರಾದರೂ ಹೆದರಿಸಿದರೆ ನಂಬಬೇಡ. ಇದು ಮಾಲೀಕರು ನಿನ್ನ ದುಡಿಮೆಯ ಲೆಕ್ಕದಲ್ಲಿ ಕಟ್ಟಿದ ವಿಮೆ. ಸರ್ಕಾರದ ಮೇಲೆ ಹೊರೆಯಾದವರು ಎಂದು ನೋಡುವ ಪಬ್ಲಿಕ್ ಚಾರ್ಜ್ ಲೆಕ್ಕಕ್ಕೆ ಇದು ಬರುವುದಿಲ್ಲ. ಕೈ ಚಾಚುವ ಸಂಕೋಚವೂ ಬೇಡಮ್ಮ.

ಹಣ ನಿಂತಿದೆ, ಪರಿಶೀಲನೆಯಲ್ಲಿದೆ ಅಂತ ತೋರಿಸಿದರೆ ಹೆದರಬೇಡ. ಪೋರ್ಟಲ್‌ನಲ್ಲಿ ಪ್ರಶ್ನಾವಳಿ ಬಂದಿದೆಯಾ ನೋಡು, ಕೊಟ್ಟ ಗಡುವಿನೊಳಗೆ ಉತ್ತರಿಸು. ಉತ್ತರ ಹೋಗದಿದ್ದರೆ ಇರುವ ಮಾಹಿತಿಯ ಮೇಲೇ ತೀರ್ಮಾನ ಮಾಡುತ್ತಾರೆ. ಅಷ್ಟೂ ದಿನ ವಾರದ ಕ್ಲೇಮ್ ತುಂಬುತ್ತಲೇ ಇರು. ಭತ್ಯೆ ಇಲ್ಲ ಅಂತ ಪತ್ರ ಬಂದರೂ ನಿಲ್ಲಿಸಬೇಡ. 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಗೆದ್ದಮೇಲೆ ಹಣ ಸಿಗುವುದು ನೀನು ಕ್ಲೇಮ್ ತುಂಬಿದ ವಾರಗಳಿಗೆ.

ಹೊಸ ಕೆಲಸ ಸಿಕ್ಕಿದಾಗ ಮೊದಲ ಸಂಬಳ ಬರುವ ತನಕ ಕ್ಲೇಮ್ ಮುಂದುವರಿಸುವುದು ಎಲ್ಲರೂ ಮಾಡುವ ತಪ್ಪು. ಸೇರಿದ ವಾರದಲ್ಲಿ ದುಡಿದದ್ದನ್ನು ತೋರಿಸು, ಪೂರ್ತಿ ವಾರ ದುಡಿದಮೇಲೆ ತುಂಬುವುದನ್ನು ನಿಲ್ಲಿಸು. ಬೇರೆ ಏನೂ ಮಾಡಬೇಕಾಗಿಲ್ಲ.

ಒಂದು ತೆರಿಗೆ ವಿಷಯ. ಈ ಹಣಕ್ಕೆ ಫೆಡರಲ್ ಆದಾಯ ತೆರಿಗೆ ಇದೆ. ಅರ್ಜಿಯಲ್ಲೇ ಶೇ. 10 ಹಿಡಿಯಿರಿ ಅಂತ ಆರಿಸಿಬಿಡು, 885ಕ್ಕೆ 88 ಡಾಲರ್ ಚಿಲ್ಲರೆ. ಏಪ್ರಿಲ್‌ನಲ್ಲಿ ಒಟ್ಟಿಗೆ ಕಟ್ಟುವುದಕ್ಕಿಂತ ಅದು ಹಗುರ. ಜನವರಿ ಕೊನೆಗೆ ವರ್ಷವಿಡೀ ಬಂದ ಭತ್ಯೆಯ ಲೆಕ್ಕ ಇರುವ 1099-ಜಿ ಫಾರಂ ಬರುತ್ತದೆ, ಪೋರ್ಟಲ್‌ನಲ್ಲೂ ಸಿಗುತ್ತದೆ. ಅದರ ಒಂದು ಪ್ರತಿ ನನಗೂ ಕಳಿಸು, ರಿಟರ್ನ್ ಒಟ್ಟಿಗೇ ಕೂತು ನೋಡೋಣ.

ನಿನ್ನ,
ಅಮ್ಮ