ಕಾಯ್ದಾಗ ಬಂದ್ ಬೀಳುವ ಎಂಜಿನ್‌ನ ದೋಷ ಪತ್ತೆ ಮಾಡದೆ ಬಿಡಿಭಾಗ ಬದಲಿಸಿದ ಬಗ್ಗೆ ದೂರು

ವಿಜಯಪುರ
ದಿನಾಂಕ: 6 ಮೇ 2025

ಇವರಿಂದ:
ಕಾರಿನ ಮಾಲೀಕ, ಜಲನಗರ, ವಿಜಯಪುರ

ಇವರಿಗೆ:
ವ್ಯವಸ್ಥಾಪಕರು, ಅಧಿಕೃತ ಸರ್ವಿಸ್ ಸೆಂಟರ್, ವಿಜಯಪುರ

ವಿಷಯ: ಅನಗತ್ಯವಾಗಿ ಬದಲಿಸಿದ ಪೆಟ್ರೋಲ್ ಪಂಪಿನ (ಟ್ಯಾಂಕಿನಿಂದ ಎಂಜಿನ್‌ಗೆ ಪೆಟ್ರೋಲ್ ತಳ್ಳುವ ಭಾಗದ) ಹಣ ಮರಳಿಸುವ ಕುರಿತು.

ಮಾನ್ಯರೇ,

ನನ್ನ ಪೆಟ್ರೋಲ್ ಕಾರು ಕಳೆದ ಮಾರ್ಚ್ ತಿಂಗಳಿನಿಂದ ಓಡುತ್ತಿರುವಾಗಲೇ ಬಂದ್ ಬೀಳತೊಡಗಿತ್ತು. ಇದಕ್ಕಾಗಿ ಮಾರ್ಚ್ 12, ಮಾರ್ಚ್ 29 ಮತ್ತು ಏಪ್ರಿಲ್ 17ರಂದು ಅದನ್ನು ತಮ್ಮಲ್ಲಿಗೆ ತಂದು ಒಪ್ಪಿಸಿದೆ. ಮೂರು ಸಲವೂ ಬಿಲ್ ತೆತ್ತು, ದೋಷ ನಿವಾರಣೆಯಾಗಿದೆ ಎಂದು ಬರೆದ ಜಾಬ್ ಕಾರ್ಡ್ ಹಿಡಿದು ಮನೆಗೆ ಹೋದೆ; ಮೂರು ಸಲವೂ ಕೆಲವೇ ದಿನಗಳಲ್ಲಿ ಕಾರು ಮತ್ತೆ ರಸ್ತೆಯ ನಡುವೆ ನಿಂತಿತು.

ದೋಷದ ಲಕ್ಷಣವನ್ನು ನಾನು ಮೊದಲ ದಿನವೇ ವಿವರವಾಗಿ ಹೇಳಿದ್ದೆ. ಎಂಜಿನ್ ತಣ್ಣಗಿರುವಾಗ ಯಾವ ತೊಂದರೆಯೂ ಇರಲಿಲ್ಲ. ಬಿಸಿಲಿನಲ್ಲಿ ಮುಕ್ಕಾಲು ಗಂಟೆ ಓಡಿ ಚೆನ್ನಾಗಿ ಕಾಯ್ದ ಮೇಲೆ, ಜಗ್ಗದೆ, ಮಿಸುಕದೆ, ಕೀಲಿ ತಿರುಗಿಸಿ ಆರಿಸಿದಂತೆ ಒಮ್ಮೆಲೇ ನಿಲ್ಲುತ್ತಿತ್ತು. ಆಗ ಎಷ್ಟು ಸಲ ಸೆಲ್ಫ್ ಹೊಡೆದರೂ ಎಂಜಿನ್ ತಿರುಗುತ್ತಿತ್ತೇ ಹೊರತು ಸ್ಟಾರ್ಟ್ ಆಗುತ್ತಿರಲಿಲ್ಲ. ಬಾನೆಟ್ ಎತ್ತಿ ಅರ್ಧ ಗಂಟೆ ಬಿಟ್ಟರೆ ಏನೂ ಆಗಿಯೇ ಇಲ್ಲವೆಂಬಂತೆ ಒಂದೇ ಸೆಲ್ಫಿಗೆ ಚಾಲೂ ಆಗುತ್ತಿತ್ತು. ಇಷ್ಟನ್ನೂ ಕೇಳಿಸಿಕೊಂಡ ತಮ್ಮ ಸರ್ವಿಸ್ ಅಡ್ವೈಸರ್ ಜಾಬ್ ಕಾರ್ಡಿನಲ್ಲಿ ಬರೆದುಕೊಂಡದ್ದು "ಗಾಡಿ ಬಂದ್ ಆಗುತ್ತದೆ" ಎಂಬ ಮೂರು ಪದ ಮಾತ್ರ.

ಮೊದಲ ಸಲ ಕಿಡಿ ಹೊತ್ತಿಸುವ ಸ್ಪಾರ್ಕ್ ಪ್ಲಗ್ ಬದಲಿಸಿ, ಎಂಜಿನ್‌ಗೆ ಗಾಳಿ ಬಿಡುವ ಥ್ರಾಟಲ್ ಬಾಡಿ ಸ್ವಚ್ಛ ಮಾಡಿದಿರಿ. ಎರಡನೆಯ ಸಲ ಪೆಟ್ರೋಲ್ ಪಂಪ್ ಹೋಗಿದೆಯೆಂದು ಹೇಳಿ, ₹11,400ರ ಹೊಸ ಪಂಪ್ ಹಾಕಿ, ಕೂಲಿಯೆಂದು ₹1,800 ಸೇರಿಸಿದಿರಿ. ಮೂರನೆಯ ಸಲ ಬದಲಿಸಲು ಏನೂ ಸಿಗದಿದ್ದಾಗ, ಪೆಟ್ರೋಲಿನಲ್ಲಿ ಈಗ ಕಬ್ಬಿನಿಂದಲೂ ತಯಾರಾಗುವ ಎಥೆನಾಲ್ ಶೇಕಡಾ 20ರಷ್ಟು ಇರುವುದರಿಂದ ಹೀಗಾಗುತ್ತದೆ ಎಂಬ ಉತ್ತರ ಬಂತು. ಸುತ್ತಲೂ ಸಕ್ಕರೆ ಕಾರ್ಖಾನೆಗಳಿರುವ ಜಿಲ್ಲೆಯಲ್ಲಿ ಕಬ್ಬಿನ ಮೇಲೆ ತಪ್ಪು ಹೊರಿಸುವುದು ಸುಲಭವೇನೋ. ಆದರೆ ಟ್ಯಾಂಕಿನಲ್ಲಿ ಅದೇ ಪೆಟ್ರೋಲ್ ಇದ್ದೂ ಅರ್ಧ ಗಂಟೆ ತಣಿದ ಮಾತ್ರಕ್ಕೆ ಎಂಜಿನ್ ಸರಿಹೋಗುವುದು ಹೇಗೆಂಬ ನನ್ನ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ಮೂರು ಜಾಬ್ ಕಾರ್ಡುಗಳಲ್ಲೂ ಒಳಬಂದಾಗಿನ ಮತ್ತು ಹೊರಹೋಗುವಾಗಿನ ಕಿಲೋಮೀಟರ್ ಅಂಕಿಗಳ ನಡುವೆ 4ಕ್ಕಿಂತ ಹೆಚ್ಚಿನ ಅಂತರವಿಲ್ಲ. ಕಾಯ್ದಾಗಷ್ಟೇ ಕಾಣಿಸುವ ದೋಷವನ್ನು ಬೆಳಗಿನ ತಂಪಿನಲ್ಲಿ 4 ಕಿಲೋಮೀಟರ್ ಓಡಿಸಿ ಹುಡುಕಿದ್ದೀರೆಂದು ಇದರಿಂದಲೇ ತಿಳಿಯುತ್ತದೆ.

ಏಪ್ರಿಲ್ 23ರ ಮಧ್ಯಾಹ್ನ ನಾನು ವಯಸ್ಸಾದ ತಾಯಿಯವರನ್ನು ಕರೆದುಕೊಂಡು ಬಾಗಲಕೋಟೆಗೆ ಹೊರಟಿದ್ದಾಗ, ಆಲಮಟ್ಟಿ ಹಿನ್ನೀರಿನ ಮೇಲಿನ ಕೊರ್ತಿ-ಕೊಲ್ಹಾರ ಸೇತುವೆಯ ನಟ್ಟನಡುವೆ ಕಾರು ನಿಂತಿತು. ಎಂಜಿನ್ ಆರುತ್ತಿದ್ದಂತೆ ಸ್ಟೀರಿಂಗ್ ಬಿಗಿಯಾಯಿತು, ಎರಡು ಸಲ ಒತ್ತುವಷ್ಟರಲ್ಲಿ ಬ್ರೇಕ್ ಪೆಡಲ್ ಕಲ್ಲಾಯಿತು. ಹಿಂದೆ ಲಾರಿಗಳ ಸಾಲಿತ್ತು. ಬದಿಗೆ ಸರಿಸಲು ಜಾಗವಿರಲಿಲ್ಲ. ನಲವತ್ತು ಡಿಗ್ರಿಯ ಬಿಸಿಲಿನಲ್ಲಿ ತಾಯಿಯವರು ಸೇತುವೆಯ ಕಟ್ಟೆಗೆ ಒರಗಿ ನಿಂತು ಕಳೆದ ಆ ಅರ್ಧ ಗಂಟೆ ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ.

ಅಲ್ಲಿಂದ ಹೇಗೋ ಗದ್ದನಕೇರಿ ಕ್ರಾಸ್ ತಲುಪಿ ಅಲ್ಲಿನ ಒಂದು ಸಣ್ಣ ಗ್ಯಾರೇಜಿನಲ್ಲಿ ಕಾರು ತೋರಿಸಿದೆ. ಅಲ್ಲಿಯ ಮಿಸ್ತ್ರಿ ಯಾವ ನಟ್ಟನ್ನೂ ಬಿಚ್ಚುವ ಮೊದಲು, ಎಸಿ ಹಚ್ಚಿ, ಎಂಜಿನ್ ತಾನಾಗಿ ಬಂದ್ ಬೀಳುವವರೆಗೆ ಬಿಸಿಲಿನಲ್ಲಿಯೇ ಓಡಲು ಬಿಟ್ಟರು. ಅದು ನಿಂತ ಮೇಲೆ ಸೆಲ್ಫ್ ಹೊಡೆಯುತ್ತಾ, ಎಂಜಿನ್ ತಿರುಗುವ ವೇಗ ತೋರಿಸುವ ಆರ್‌ಪಿಎಂ ಮುಳ್ಳನ್ನು ನೋಡಲು ಹೇಳಿದರು. ಎಂಜಿನ್ ತಿರುಗುತ್ತಿದ್ದರೂ ಮುಳ್ಳು ಸೊನ್ನೆ ಬಿಟ್ಟು ಅಲುಗಲಿಲ್ಲ. ಪ್ಲಗ್ಗಿನಲ್ಲಿ ಕಿಡಿ ಇರಲಿಲ್ಲ. ಸ್ಕ್ಯಾನರ್‌ನಲ್ಲಿ ಪಿ0335 ಎಂಬ, ಕ್ರ್ಯಾಂಕ್ ಸೆನ್ಸರ್‌ನ (ಎಂಜಿನ್‌ನ ಕ್ರ್ಯಾಂಕ್ ದಂಡ ತಿರುಗುವುದನ್ನು ಗುರುತಿಸುವ ಭಾಗದ) ದೋಷದ ಸಂಕೇತ ಬಂತು. ಆ ಸೆನ್ಸರ್‌ನ ವೈರಿನ ಕನೆಕ್ಟರ್ ಕಳಚಿ, ವಿದ್ಯುತ್ ಹರಿವು ಪರೀಕ್ಷಿಸುವ ಮಲ್ಟಿಮೀಟರ್ ಹಿಡಿದಾಗ ಒಳಗಿನ ಸುರುಳಿ ಕಡಿದಂತೆ ತೋರಿತು. ಒದ್ದೆ ಬಟ್ಟೆ ಸುತ್ತಿ ಹತ್ತು ನಿಮಿಷ ತಣಿಸಿದ ಮೇಲೆ ಅದೇ ಸೆನ್ಸರ್ ಸುಮಾರು 900 ಓಮ್ ತೋರಿಸಿತು, ಅಂದರೆ ಸುರುಳಿ ಮತ್ತೆ ಕೂಡಿತ್ತು; ಕಾರೂ ಚಾಲೂ ಆಯಿತು. ಕ್ರ್ಯಾಂಕ್ ತಿರುಗುತ್ತಿದೆಯೆಂಬ ಸುದ್ದಿ ಈ ಸೆನ್ಸರ್‌ನಿಂದ ಬಾರದಿದ್ದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ (ಇಸಿಯು) ಕಿಡಿಯನ್ನೂ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್‌ಗಳನ್ನೂ ನಿಲ್ಲಿಸುವುದಲ್ಲದೆ, ಪೆಟ್ರೋಲ್ ಪಂಪಿಗೆ ಹೋಗುವ ವಿದ್ಯುತ್ತನ್ನೂ ಕಡಿಯುತ್ತದೆ ಎಂದು ಅವರು ವಿವರಿಸಿದರು. ಅಂದರೆ ಕಾರು ನಿಂತಾಗ ಪಂಪ್ ಸುಮ್ಮನಾಗುವುದು ದೋಷದ ಪರಿಣಾಮವಾಗಿತ್ತೇ ಹೊರತು ಕಾರಣವಾಗಿರಲಿಲ್ಲ. ಹೊಸ ಸೆನ್ಸರಿಗೆ ₹1,450, ಕೂಲಿ ₹300. ಅಂದಿನಿಂದ ಇಂದಿನವರೆಗೆ ಕಾರು ಒಮ್ಮೆಯೂ ನಿಂತಿಲ್ಲ.

ಪ್ಲಗ್ಗಿನ ಮತ್ತು ಥ್ರಾಟಲ್ ಸ್ವಚ್ಛತೆಯ ಹಣವನ್ನು ನಾನು ಕೇಳುತ್ತಿಲ್ಲ. 62,000 ಕಿಲೋಮೀಟರ್ ಓಡಿದ ಕಾರಿಗೆ ಅವು ಹೇಗೂ ಬೇಕಾಗಿದ್ದವು. ಪಿ0335 ಸಂಕೇತ ಮಾರ್ಚಿನಲ್ಲಿಯೇ ದಾಖಲಾಗಿತ್ತೆಂದೂ ನಾನು ಹೇಳಲಾರೆ. ಆದರೆ ಎರಡು ಸಲ ತಲಾ ₹590 ಸ್ಕ್ಯಾನಿಂಗ್ ಶುಲ್ಕ ಪಡೆದ ತಾವು ಆ ವರದಿಯನ್ನು ನನಗೆ ಕೊಟ್ಟಿಲ್ಲ, ಪಂಪ್ ಬದಲಿಸುವ ಮೊದಲು ಅದರ ಒತ್ತಡ ಅಳೆದ ದಾಖಲೆಯೂ ಜಾಬ್ ಕಾರ್ಡಿನಲ್ಲಿಲ್ಲ.

ಆದ್ದರಿಂದ ಪಂಪ್, ಅದರ ಕೂಲಿ ಮತ್ತು ಸ್ಕ್ಯಾನಿಂಗ್ ಶುಲ್ಕ ಸೇರಿ ಒಟ್ಟು ₹14,380ನ್ನು ಈ ಪತ್ರ ತಲುಪಿದ 15 ದಿನಗಳೊಳಗೆ ಮರಳಿಸಬೇಕೆಂದೂ, ಎರಡೂ ಸ್ಕ್ಯಾನಿಂಗ್ ವರದಿಗಳ ಪ್ರತಿ ಕೊಡಬೇಕೆಂದೂ ಕೋರುತ್ತೇನೆ. ತಪ್ಪಿದಲ್ಲಿ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿಯಲ್ಲಿ ಸೇವಾ ನ್ಯೂನತೆಯ ದೂರನ್ನು ಜಿಲ್ಲಾ ಗ್ರಾಹಕ ಆಯೋಗದ ಮುಂದೆ ಸಲ್ಲಿಸುತ್ತೇನೆ. ಮೂರು ಜಾಬ್ ಕಾರ್ಡ್, ಬಿಲ್ಲುಗಳು ಹಾಗೂ ಗದ್ದನಕೇರಿಯ ರಸೀದಿಯ ನಕಲುಗಳನ್ನು ಲಗತ್ತಿಸಿದ್ದೇನೆ. ನನ್ನ ಕಾರಿನಿಂದ ತೆಗೆದ ಹಳೆಯ ಪಂಪ್ ಇನ್ನೂ ತಮ್ಮಲ್ಲಿಯೇ ಇದೆ. ಅದನ್ನು ವಿಲೇವಾರಿ ಮಾಡದೆ ನನಗೆ ಒಪ್ಪಿಸಬೇಕು.

ತಮ್ಮ ವಿಶ್ವಾಸಿ,
(ಸಹಿ)
ಕಾರಿನ ಮಾಲೀಕ