ಒಂದಕ್ಷರ ಬದಲಾಯಿಸಿದರೆ ಬ್ರ್ಯಾಂಡ್ ನಿಮ್ಮದಾಗುವುದಿಲ್ಲ

ಮಾನ್ಯ ಸಂಪಾದಕರೇ,

ದಾವಣಗೆರೆಯಲ್ಲಿ ಲೇಬಲ್, ಪೌಚ್ ಮುದ್ರಿಸುವ ಕೆಲಸ ನನ್ನದು. ಸಾಂಬಾರ್ ಪುಡಿ, ಉಪ್ಪಿನಕಾಯಿ, ಚಕ್ಕುಲಿ ಮಾಡುವವರೇ ಹೆಚ್ಚಿನ ಗಿರಾಕಿಗಳು. ಅವರಲ್ಲಿ ಕೆಲವರು ಹೆಸರಾದ ಕಂಪನಿಯ ಖಾಲಿ ಪ್ಯಾಕೆಟ್ ಬಿಡಿಸಿ, ಅಂಗೈಯಿಂದ ಸವರಿ ಮೇಜಿನ ಮೇಲೆ ಹರಡುತ್ತಾರೆ. "ಇದೇ ಕೆಂಪು ಬರಲಿ ಸರ್, ಅಕ್ಷರಾನೂ ಹಿಂಗೇ ಇರಲಿ. ಹೆಸರಲ್ಲಿ ಒಂದು ಎಚ್ ಸೇರಿಸಿಬಿಡಿ, ಸಾಕು" ಅಂತಾರೆ. ಆಗಲ್ಲ ಅಂದರೆ, "ನಂದಿನಿ ಕೇಸಲ್ಲಿ ಹೋಟೆಲಿನವರು ಗೆದ್ದಿಲ್ವಾ?" ಎಂಬ ಪ್ರಶ್ನೆ ಬರುತ್ತದೆ.

ಗೆದ್ದಿದ್ದು ನಿಜ. ಆದರೆ ಗೆಲ್ಲಿಸಿದ್ದು ಆ ಎಚ್ ಒಂದೇ ಅಲ್ಲ. ಕೆಎಂಎಫ್ 1985ರಲ್ಲಿ ಹಾಲಿಗೆ 'ನಂದಿನಿ' ಎಂಬ ಹೆಸರಿಟ್ಟಿತು. ಬೆಂಗಳೂರಿನ ನಂದಿನಿ ಡೀಲಕ್ಸ್ ಹೋಟೆಲ್ 1989ರಿಂದ ಅದೇ ಹೆಸರನ್ನು ಇಂಗ್ಲಿಷ್‌ನಲ್ಲಿ ಒಂದು ಎಚ್ ಜಾಸ್ತಿ ಹಾಕಿ ಬರೆಯುತ್ತಿದೆ. ಹೋಟೆಲಿನವರು ಮಾಂಸ, ಮೀನು, ಸಾಸ್ ಮುಂತಾದ ಪದಾರ್ಥಗಳಿಗೆ ಆ ಹೆಸರನ್ನು ನೋಂದಾಯಿಸಲು ಹೋದಾಗ ಕೆಎಂಎಫ್ ಆಕ್ಷೇಪಣೆ ಹಾಕಿತು. 2007ರಲ್ಲಿ ಟ್ರೇಡ್ ಮಾರ್ಕ್ ಅಧಿಕಾರಿ ಹೋಟೆಲಿನ ಪರ ಆದೇಶ ಕೊಟ್ಟರು. 2011ರಲ್ಲಿ ಮೇಲ್ಮನವಿ ಮಂಡಳಿ ಅದನ್ನು ತಿರುಗಿಸಿತು. 2014ರಲ್ಲಿ ಹೈಕೋರ್ಟ್ ಮಂಡಳಿಯ ಮಾತನ್ನೇ ಒಪ್ಪಿತು. ಕಡೆಗೆ 2018ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೋಟೆಲಿನ ಕಡೆ ನಿಂತಿತು.

ಕೋರ್ಟ್ ನೋಡಿದ್ದು ಏನನ್ನು? ಒಬ್ಬರದು ಹಾಲು, ಇನ್ನೊಬ್ಬರದು ಊಟ. ಹೋಟೆಲಿನ ಗುರುತಿನಲ್ಲಿ ದೀಪವಿದೆ, ಎರಡೂ ಗುರುತು ನೋಡೋಕೆ ಬೇರೆ ಬೇರೆ. ನಂದಿನಿ ಎಂಬುದು ದೇವತೆಯ ಹೆಸರು, ಪುರಾಣದ ಹಸುವಿನ ಹೆಸರು. ಕೆಎಂಎಫ್ ಹುಟ್ಟುಹಾಕಿದ ಪದವಲ್ಲ. ಹೋಟೆಲ್ ಶುರುವಾಗುವ ಹೊತ್ತಿಗೆ ಹಾಲಿನ ಬ್ರ್ಯಾಂಡಿಗೆ ನಾಲ್ಕೇ ವರ್ಷವಾಗಿತ್ತು. ಅಷ್ಟರಲ್ಲಿ ಆ ಹೆಸರು ಕೇಳಿದರೆ ಜನಕ್ಕೆ ಕೆಎಂಎಫ್ ಒಂದೇ ನೆನಪಾಗುತ್ತಿತ್ತು ಎನ್ನುವುದಕ್ಕೆ ಪುರಾವೆ ಇರಲಿಲ್ಲ. ಇಷ್ಟಾದರೂ ಹಾಲು, ಹಾಲಿನ ಪದಾರ್ಥಗಳಿಗೆ ಮಾತ್ರ ಹೋಟೆಲಿಗೆ ಆ ಹೆಸರು ಸಿಗಲಿಲ್ಲ. ನನ್ನ ಗಿರಾಕಿಗಳು ಈ ಭಾಗ ಹೇಳುವುದೇ ಇಲ್ಲ. ಪುರಾಣದ ಹೆಸರಿಗಾಗಿ ಕೆಎಂಎಫ್ ಇಷ್ಟು ದೂರ ಎಳೆದಾಡಬೇಕಿತ್ತೇ ಎಂದು ನನಗಂತೂ ಅನಿಸಿದೆ, ಅದು ಬೇರೆ ಮಾತು.

ಸಾಂಬಾರ್ ಪುಡಿಯ ಹೆಸರನ್ನು ಒಂದಕ್ಷರ ತಿದ್ದಿ ಸಾಂಬಾರ್ ಪುಡಿಗೇ ಇಟ್ಟರೆ ನಂದಿನಿ ತೀರ್ಪು ಕೈಹಿಡಿಯುವುದಿಲ್ಲ. ಹಳೆಯ ಗ್ಲುಕೋವಿಟಾ, ಗ್ಲುವಿಟಾ ಜಗಳ ನೋಡಿ. ಒಂದು ಗ್ಲುಕೋಸ್ ಪುಡಿ, ಇನ್ನೊಂದು ಬಿಸ್ಕತ್ತು. ನಡುವಿನ 'ಕೋ' ಬಿಟ್ಟರೆ ಎರಡೂ ಒಂದೇ. ಬಿಸ್ಕತ್ತಿಗೆ ಗ್ಲುಕೋಸ್ ಹಾಕುತ್ತಾರೆ, ಹಾಗಾಗಿ ಇದೂ ಅದೇ ಕಂಪನಿಯದು ಎಂದು ಜನ ಅಂದುಕೊಳ್ಳಬಹುದು ಎಂದು ಸುಪ್ರೀಂ ಕೋರ್ಟ್ ಹೇಳಿತು. ಬಿಸ್ಕತ್ತಿನವರು ಸೋತರು.

ಇದರಲ್ಲಿ ನಮ್ಮಂಥ ಮುದ್ರಕರೂ ಸಿಕ್ಕಿಬೀಳುತ್ತೇವೆ. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 103ನೇ ಸೆಕ್ಷನ್ ಪ್ರಕಾರ ನಕಲಿ ಗುರುತಿಗಾಗಿ ಬ್ಲಾಕ್, ಪ್ಲೇಟ್ ಮಾಡುವುದೂ ಅಪರಾಧ. ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಒಂದು ಸಣ್ಣ ಆರ್ಡರಿಗೆ ಇದೆಲ್ಲ ಬೇಕಾ?

ಆದರೆ ಗಿರಾಕಿಗಳನ್ನೇ ಪೂರ್ತಿ ದೂರಲಾರೆ. ಎಷ್ಟೋ ಜನ ನಕಲು ಮಾಡೋಕೆ ಬಂದವರಲ್ಲ. ಮಗಳ ಹೆಸರನ್ನೋ ಮನೆದೇವರ ಹೆಸರನ್ನೋ ಇಟ್ಟಿರುತ್ತಾರೆ. ಆಹಾರ ಪರವಾನಗಿ ಇದೆ, ಜಿಎಸ್‌ಟಿ ಆಗಿದೆ, ಹೆಸರು ನಮ್ಮದೇ ಆಯ್ತು ಎಂಬ ನಂಬಿಕೆ ಅವರದು. ಈ ಎರಡರಿಂದಲೂ ಹೆಸರಿನ ಮೇಲೆ ಹಕ್ಕು ಬರುವುದಿಲ್ಲ. ವರ್ಷಗಟ್ಟಲೆ ಮಾರಿ ಹೆಸರು ಮಾಡಿದ ಮೇಲೆ ಯಾವುದೋ ಊರಿನ ವಕೀಲರಿಂದ ನೋಟಿಸ್ ಬಂದಾಗಲೇ ವಿಷಯ ಗೊತ್ತಾಗುವುದು. ಅಷ್ಟೊತ್ತಿಗೆ ಗೋಡೌನಿನಲ್ಲಿ ಪೌಚ್ ರಾಶಿ ಬಿದ್ದಿರುತ್ತದೆ.

ಟ್ರೇಡ್ ಮಾರ್ಕ್ ಇಲಾಖೆಯ ವೆಬ್‌ಸೈಟಿನಲ್ಲಿ ಹೆಸರು ಹುಡುಕೋಕೆ ಕಾಸು ಕೊಡಬೇಕಿಲ್ಲ. ಆನ್‌ಲೈನಿನಲ್ಲಿ ಅರ್ಜಿ ಹಾಕಿದರೆ ವ್ಯಕ್ತಿಗಳಿಗೆ, ಸಣ್ಣ ಉದ್ಯಮಗಳಿಗೆ ಒಂದು ವರ್ಗದ ಸರಕಿಗೆ ಶುಲ್ಕ 4,500 ರೂಪಾಯಿ. ನೋಂದಣಿ ಹತ್ತು ವರ್ಷ ಇರುತ್ತದೆ, ಆಮೇಲೆ ನವೀಕರಿಸಬಹುದು. ಆದರೆ ಚಕ್ಕುಲಿ ಮಾಡುವ ಹೆಣ್ಣುಮಗಳಿಗೆ ಇದನ್ನು ಹೇಳುವವರು ಯಾರು? ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಸಾಲದ ಯೋಜನೆ ವಿವರಿಸುವಾಗಲೇ ಹೆಸರನ್ನೂ ಹುಡುಕಿ ತೋರಿಸಲಿ. ಆಹಾರ ಪರವಾನಗಿ ಕೊಡುವಾಗ, ಇದು ಬ್ರ್ಯಾಂಡ್ ನೋಂದಣಿಯಲ್ಲ ಎಂದು ಕನ್ನಡದಲ್ಲಿ ಒಂದು ಸಾಲು ಬರೆದುಕೊಡಲಿ. ಮುದ್ರಕರ ಸಂಘಗಳೂ ಆರ್ಡರ್ ಫಾರಂನಲ್ಲಿ 'ಹೆಸರು ಹುಡುಕಿದ್ದೀರಾ?' ಎಂದು ಕೇಳುವ ಪದ್ಧತಿ ತರಲಿ.

– ಒಬ್ಬ ಮುದ್ರಕ, ದಾವಣಗೆರೆ