ಮೈದಾನದಲ್ಲಿ ಹತ್ತು ನಿಮಿಷ ನಿಲ್ಲಿಸದ ಪ್ರವಾಸದ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು, ಪ್ರವಾಸ ವಿಭಾಗ

ವಿಷಯ: ಐದು ದಿನದ ಕೋಲ್ಕತ್ತ ಪ್ರವಾಸದಲ್ಲಿ ಹೇಳಿದ್ದನ್ನು ತೋರಿಸದೆ ಇದ್ದದ್ದು ಮತ್ತು ನನ್ನ ತಂದೆಗೆ ಆದ ಅವಮಾನ

ಮಾನ್ಯರೇ,

ಐದು ಸಲ ಫೋನ್ ಮಾಡಿದೆ. ಎರಡು ಸಲ ನಿಮ್ಮ ಆಫೀಸಿಗೇ ಬಂದೆ. ಪ್ರತಿ ಸಲವೂ 'ಸಾರ್ ಮೀಟಿಂಗಲ್ಲಿದ್ದಾರೆ' ಅಂದರು. ಮೊನ್ನೆ ಸೋಮವಾರ ಕೌಂಟರಿನಲ್ಲಿದ್ದವರು, 'ಟೂರ್ ಮುಗಿದು ತಿಂಗಳಾಯ್ತಲ್ಲ ಮೇಡಂ, ಇನ್ನೂ ಅದನ್ನೇ ಹಿಡ್ಕೊಂಡಿದ್ದೀರಾ?' ಎಂದು ಕೇಳಿದರು. ಹೌದು, ಹಿಡಿದುಕೊಂಡಿದ್ದೇನೆ. ಅದಕ್ಕೇ ಈ ಪತ್ರ.

ನಾನು ಶಿವಮೊಗ್ಗದಲ್ಲಿ ಮನೆಗಳ ನಕ್ಷೆ ಬರೆಯುವ ಕೆಲಸ ಮಾಡುತ್ತೇನೆ. ಅಪ್ಪನಿಗೆ 76 ವರ್ಷ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದವರು, ಹುಡುಗರಾಗಿದ್ದಾಗ ನ್ಯೂಟೌನಿನಲ್ಲಿ ಬರಿಗಾಲಲ್ಲಿ ಫುಟ್‌ಬಾಲ್ ಆಡಿದವರು. ನಿಮ್ಮ ಕರಪತ್ರದಲ್ಲಿ 'ಹಳೆ ಮನೆಗಳು ಮತ್ತು ಫುಟ್‌ಬಾಲ್: ನಡೆದು ನೋಡುವ ಕೋಲ್ಕತ್ತ' ಎಂದಿತ್ತು. ನಮ್ಮಿಬ್ಬರಿಗಾಗಿಯೇ ಮಾಡಿದ ಪ್ರವಾಸದ ಹಾಗೆ ಕಂಡಿತು. ಇಬ್ಬರಿಗೂ ಸೇರಿ 78,000 ರೂಪಾಯಿ ಕಟ್ಟಿದೆ.

ಮೂರನೇ ದಿನ ಬೆಳಿಗ್ಗೆ ಉತ್ತರ ಕೋಲ್ಕತ್ತದ ಗಲ್ಲಿಗಳಲ್ಲಿ ಮೂರು ಗಂಟೆ ನಡಿಗೆ ಎಂದು ಬರೆದಿದ್ದಿರಿ. ಶೋಭಾಬಜಾರಿನ ರಾಜಬಾಡಿ ಎಂಬ ಅರಮನೆಯಂಥ ಹಳೆ ಮನೆ, ದುರ್ಗೆಯ ಮೂರ್ತಿ ಮಾಡುವ ಕುಮಾರ್‌ಟುಲಿ, ಹಳೆ ಬೀದಿಗಳು. ನಮ್ಮ ಜಗಲಿಯ ಹಾಗೆ ಅಲ್ಲಿಯ ಮನೆಗಳ ಮುಂದೆ ರೋಕ್ ಇರುತ್ತದೆ, ಸಂಜೆಯ ಹರಟೆ ಎಲ್ಲ ಅದರ ಮೇಲೆಯೇ. ನಮ್ಮ ತೊಟ್ಟಿ ಮನೆಯ ಹಾಗೆ ನಡುವೆ ಅಂಗಳ. ಕರಿ ಅಂಚಿನ ರೆಡ್ ಆಕ್ಸೈಡ್ ನೆಲ ತೀರ್ಥಹಳ್ಳಿ ಕಡೆಯ ನನ್ನ ಅಜ್ಜಿ ಮನೆಯಲ್ಲೂ ಇತ್ತು. ಕಿಟಕಿ ಮಾತ್ರ ಬೇರೆ ಥರ. ಹಸಿರು ಬಣ್ಣದ ಮರದ ಪಟ್ಟಿಗಳು, ಅದಕ್ಕೆ ಖೊರ್ಖೊರಿ ಅನ್ನುತ್ತಾರೆ. ನಡುವಿನ ಕೋಲು ಎಳೆದರೆ ಪಟ್ಟಿಗಳೆಲ್ಲ ಒಟ್ಟಿಗೆ ತೆರೆದುಕೊಳ್ಳುತ್ತವೆ. ಗಾಳಿ ಒಳಗೆ ಬರುತ್ತದೆ, ಬಿಸಿಲು ಬರುವುದಿಲ್ಲ, ಬೀದಿಯಲ್ಲಿ ಹೋಗುವವರಿಗೆ ಒಳಗಿನದು ಕಾಣುವುದೂ ಇಲ್ಲ. ಅದರ ಅಳತೆ ತೆಗೆದುಕೊಂಡು ಇಲ್ಲಿ ಒಂದು ಮನೆಗಾದರೂ ಮಾಡಿಸಬೇಕು ಅಂತ ಟೇಪು ಒಯ್ದಿದ್ದೆ. ಟೇಪು ಬ್ಯಾಗಿನಿಂದ ಹೊರಗೆ ಬರಲೇ ಇಲ್ಲ. ಆ ಮೂರು ಗಂಟೆ ನಮ್ಮನ್ನು ಒಂದು ಸೀರೆ ಅಂಗಡಿಯಲ್ಲಿ ಕೂರಿಸಿದರು.

ಹೌರಾ ಸೇತುವೆ ತೋರಿಸಿದಿರಿ. ಅದನ್ನು ಒಪ್ಪುತ್ತೇನೆ. 1943ರಲ್ಲಿ ತೆರೆದ ಸೇತುವೆ, ನಟ್ಟು ಬೋಲ್ಟು ಇಲ್ಲದೆ ಪೂರ್ತಿ ರಿವೆಟ್ ಹೊಡೆದು ನಿಲ್ಲಿಸಿದ್ದು. ಕಬ್ಬಿಣದ ಕೆಲಸ ಬಲ್ಲ ಅಪ್ಪ ಬಸ್ಸಿನ ಕಿಟಕಿಗೆ ಮುಖ ಒತ್ತಿ ಮಗುವಿನ ಹಾಗೆ ನೋಡಿದರು. ಆ ಖುಷಿ ಆ ದಿನ ಮಧ್ಯಾಹ್ನದವರೆಗೂ ಇತ್ತು.

ಮಧ್ಯಾಹ್ನ ಆದದ್ದನ್ನು ಬಿಡಿಸಿ ಹೇಳುತ್ತೇನೆ. ಫೋನಿನಲ್ಲಿ ನೀವು ಯಾರೂ ಪೂರ್ತಿ ಕೇಳಿಸಿಕೊಳ್ಳಲಿಲ್ಲ.

ಕಾರ್ಯಕ್ರಮ ಪಟ್ಟಿಯಲ್ಲಿ ನಾಲ್ಕು ಗಂಟೆಗೆ ಮೈದಾನ್ (ಊರ ನಡುವಿನ ದೊಡ್ಡ ಬಯಲು), ಫುಟ್‌ಬಾಲ್ ಕ್ಲಬ್ಬುಗಳ ಅಂಗಳ, ಒಂದು ಗಂಟೆ. ಅಪ್ಪ ಬಂದದ್ದೇ ಅದಕ್ಕೆ. 1911ರ ಜುಲೈ 29ರಂದು ಕೋಲ್ಕತ್ತದ ಮೋಹನ್ ಬಗಾನ್ ತಂಡ ಬ್ರಿಟಿಷರ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು 2-1ರಿಂದ ಸೋಲಿಸಿ ಐಎಫ್ಎ ಶೀಲ್ಡ್ ಎಂಬ ಫುಟ್‌ಬಾಲ್ ಪಂದ್ಯಾವಳಿ ಗೆದ್ದದ್ದು ಆ ಮೈದಾನ್‌ನಲ್ಲೇ. ಮೊದಲ ಗೋಲು ಎದುರಾಳಿಗಳದ್ದು. ಆಮೇಲೆ ಶಿಬದಾಸ್ ಭಾದುರಿ ಸಮ ಮಾಡಿದರು, ಅಭಿಲಾಷ್ ಘೋಷ್ ಗೆಲುವಿನ ಗೋಲು ಹೊಡೆದರು. ಹನ್ನೊಂದು ಜನರಲ್ಲಿ ಬೂಟು ಹಾಕಿದ್ದವರು ಒಬ್ಬರೇ. ಬರಿಗಾಲಲ್ಲಿ ಆಡಿ ಬೆಳೆದ ನನ್ನ ಅಪ್ಪನಿಗೆ ಈ ಕಥೆ ಬಾಯಿಪಾಠ. ನನಗೂ.

ಬಸ್ಸು ಮೈದಾನ್ ಪಕ್ಕಕ್ಕೆ ಬಂದಾಗ ನಾಲ್ಕೂ ಹತ್ತು. ಅಪ್ಪ ಆಗಲೇ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು ಎದ್ದು ನಿಂತಿದ್ದರು. ನಿಮ್ಮ ಟೂರ್ ಮ್ಯಾನೇಜರ್ ಮೈಕ್ ಹಿಡಿದು, 'ಎಡಗಡೆ ನೋಡಿ, ಇದೇ ಮೈದಾನ್' ಎಂದರು. ಬಸ್ಸು ನಿಲ್ಲಲಿಲ್ಲ.

ಅಪ್ಪ ಹೇಳಿದರು: 'ಹತ್ತು ನಿಮಿಷ ನಿಲ್ಸಪ್ಪ. ಹುಲ್ಲಿನ ಮೇಲೆ ನಿಂತು ಬಂದ್ಬಿಡ್ತೀನಿ.'

'ಅಂಕಲ್, ಅಲ್ಲಿ ನೋಡೋಕೆ ಏನೂ ಇಲ್ಲ. ಬರೀ ಹುಲ್ಲು.'

ನಾನು ಪಟ್ಟಿ ತೆಗೆದು ತೋರಿಸಿದೆ. 'ಮೇಡಂ, ಲೇಟಾಗಿದೆ' ಅಂದರು. ಲೇಟಾದದ್ದು ಸೀರೆ ಅಂಗಡಿಯಿಂದ ಅಲ್ವಾ ಎಂದು ಕೇಳಿದೆ. ಅವರು ನನ್ನ ಕಡೆ ನೋಡಲಿಲ್ಲ. ಮೈಕ್ ಇನ್ನೂ ಬಾಯಿ ಹತ್ತಿರವೇ ಇತ್ತು. ಅದರಲ್ಲೇ ಹೇಳಿದರು:

'ಅಂಕಲ್, ಮೊದ್ಲು ಚಪ್ಪಲಿ ಹಾಕ್ಕೊಂಡು ಕೂತ್ಕೊಳ್ಳಿ. ಇದೇನು ದೇವಸ್ಥಾನ ಅಲ್ಲ.'

ಬಸ್ಸಿನಲ್ಲಿ 28 ಜನ ಇದ್ದೆವು. ಹಿಂದಿನ ಸೀಟುಗಳಿಂದ ನಗು ಬಂತು. ಅಪ್ಪ ಕೂತರು. ಎಡಗಾಲಿನ ಚಪ್ಪಲಿ ಸೀಟಿನ ಕೆಳಗೆ ಜಾರಿ ಹೋಗಿತ್ತು. ಬಗ್ಗಿ ಹುಡುಕಿ ಕೊಟ್ಟೆ. ಅವರ ಕೈ ನಡುಗುತ್ತಿತ್ತು. ಅಷ್ಟರಲ್ಲಿ ಮೈದಾನ್ ದಾಟಿ ಹೋಗಿತ್ತು.

ಅಪ್ಪನಿಗೆ ಅದು ದೇವಸ್ಥಾನವೇ ಆಗಿತ್ತು. ಅದನ್ನು ಹೇಳಿಯೇ ನೀವು ದುಡ್ಡು ತೆಗೆದುಕೊಂಡದ್ದು.

ಆ ರಾತ್ರಿ ನಾವು ನೋಡಬೇಕಿದ್ದ ಫುಟ್‌ಬಾಲ್ ಪಂದ್ಯದ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಸಾಲ್ಟ್ ಲೇಕ್ ಕ್ರೀಡಾಂಗಣ ತಲುಪಿದಾಗ ದ್ವಿತೀಯಾರ್ಧ ನಡೆಯುತ್ತಿತ್ತು. 1997ರಲ್ಲಿ ಈಸ್ಟ್ ಬೆಂಗಾಲ್ ಮತ್ತು ಮೋಹನ್ ಬಗಾನ್ ಪಂದ್ಯಕ್ಕೆ 1,31,781 ಜನ ಸೇರಿದ್ದ ಜಾಗ ಅದು. ಈಸ್ಟ್ ಬೆಂಗಾಲಿನ ಬೈಚುಂಗ್ ಭುಟಿಯಾ ಮೂರು ಗೋಲು ಹೊಡೆದ ಆ ಪಂದ್ಯದ ಸುದ್ದಿಯನ್ನು ಅಪ್ಪ ನಮಗೆ ಎಷ್ಟು ಸಲ ಹೇಳಿದ್ದರೋ ಲೆಕ್ಕವಿಲ್ಲ. ಆ ರಾತ್ರಿ ಸುಮ್ನೆ ಕೂತಿದ್ದರು. ಒಂದು ಮಾತೂ ಆಡಲಿಲ್ಲ.

ನಿಮ್ಮ ರಸೀದಿಯ ಹಿಂಬದಿಯ 9ನೇ ನಿಯಮ ನಿಮಗೆ ಗೊತ್ತೇ ಇದೆ. ಪಟ್ಟಿಯಲ್ಲಿರುವ ಜಾಗ ಬಿಟ್ಟುಹೋದರೆ ಏನು ಮಾಡಬೇಕು ಎಂದು ಬರೆದವರು ನೀವೇ. ಮಳೆ ಇರಲಿಲ್ಲ, ಬಂದ್ ಇರಲಿಲ್ಲ. ಮೂರನೇ ದಿನದ ಪೂರ್ತಿ ಹಣ ವಾಪಸ್ ಕೊಡಿ. ಆ ಟೂರ್ ಮ್ಯಾನೇಜರ್ ನಮ್ಮ ಮನೆಗೆ ಬಂದು ಅಪ್ಪನ ಎದುರು ಕ್ಷಮೆ ಕೇಳಲಿ. 'ಹೋಗ್ಲಿ ಬಿಡು' ಅಂತ ಅಪ್ಪ ಹೇಳುತ್ತಾರೆ. ನಾನು ಬಿಡುವುದಿಲ್ಲ.

ಹದಿನೈದು ದಿನ ಕಾಯುತ್ತೇನೆ. ಆಮೇಲೆ ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 5 ಲಕ್ಷ ರೂಪಾಯಿವರೆಗಿನ ದೂರಿಗೆ ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ, ದೂರು ಕೊಡಲು ಎರಡು ವರ್ಷ ಸಮಯ ಇದೆ. ಕರಪತ್ರ, ಪಟ್ಟಿ, ರಸೀದಿ, ಸೀರೆ ಅಂಗಡಿಯಲ್ಲಿ ಸಮಯ ಕಾಣುವ ಹಾಗೆ ತೆಗೆದ ಫೋಟೋಗಳು ಎಲ್ಲ ನನ್ನ ಹತ್ತಿರ ಇವೆ. ಆ ಬಸ್ಸಿನಲ್ಲಿದ್ದ ಹನ್ನೊಂದು ಜನ ಬಂದು ಸಾಕ್ಷಿ ಹೇಳುತ್ತೇವೆ ಎಂದಿದ್ದಾರೆ. ಅವತ್ತು ನಕ್ಕವರಲ್ಲಿ ಇಬ್ಬರು ಅದರಲ್ಲಿದ್ದಾರೆ. ಮೈಕಿನಲ್ಲಿ ಆಡಿದ ಮಾತನ್ನು ನಿಮ್ಮ ಟೂರ್ ಮ್ಯಾನೇಜರ್ ಅಲ್ಲಿ, ಅಪ್ಪನ ಮುಂದೆ, ಇನ್ನೊಮ್ಮೆ ಹೇಳಬೇಕಾಗುತ್ತದೆ.

ಇಂತಿ,
ನಿಮ್ಮ ಗ್ರಾಹಕಿ
ವಿನೋಬನಗರ, ಶಿವಮೊಗ್ಗ